ಬರೆದವರು ಯಾರು ಎಂಬ ಒಂದೇ ಪ್ರಶ್ನೆ: ಮಲೆನಾಡಿನ ಪ್ರೌಢಶಾಲೆಯೊಂದರ ಗುಟ್ಟಿನ ಪತ್ರಿಕೆ

ತೀರ್ಥಹಳ್ಳಿ–ಹೊಸನಗರ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಡೆದ ಪ್ರಕರಣ ಇದು. ಎಂಟರಿಂದ ಹತ್ತನೇ ತರಗತಿವರೆಗಿನ ಸಣ್ಣ ಶಾಲೆ. ಮಕ್ಕಳ ಮತ್ತು ಶಿಕ್ಷಕರ ಗುರುತು ಸಿಗಬಾರದೆಂದು ಊರು, ಶಾಲೆ, ಇಸವಿ ಬಿಟ್ಟಿದ್ದೇನೆ. ಮಕ್ಕಳು ತಮ್ಮ ಪತ್ರಿಕೆಗೆ ಇಟ್ಟ ಹೆಸರನ್ನೂ ಬದಲಿಸಿ ಇಲ್ಲಿ ‘ಇಂಬಳ’ (ನಮ್ಮ ಕಡೆ ಜಿಗಣೆಗೆ ಹೇಳುವ ಹೆಸರು) ಎಂದು ಕರೆದಿದ್ದೇನೆ. ನಾನು ಅದೇ ತಾಲ್ಲೂಕಿನಲ್ಲಿ ಬಹುಕಾಲ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು. ಗಲಾಟೆ ಬಿಗಡಾಯಿಸಿದ ಮೇಲೆ ಶಾಲಾಭಿವೃದ್ಧಿ ಸಮಿತಿಯವರು ‘ನೀವೊಂದು ಸಲ ಬಂದು ಕೂತ್ಕೊಳ್ಳಿ’ ಎಂದು ಕರೆದರು. ಹಾಗಾಗಿ ಪತ್ರಿಕೆಯ ಮೂರೂ ಸಂಚಿಕೆ ಓದಿದೆ, ಎಲ್ಲ ಕಡೆಯವರ ಮಾತನ್ನೂ ಕೇಳಿದೆ.

ಇದನ್ನು ಬರೆದಿಡಲು ಕಾರಣ ಒಂದೇ. ಆ ಶಾಲೆಯ ದೊಡ್ಡವರೆಲ್ಲ ವಾರಗಟ್ಟಲೆ ‘ಬರೆದವರು ಯಾರು’ ಎಂದು ಹುಡುಕಿದರು. ‘ಬರೆದದ್ದು ನಿಜವಾ’ ಎಂದು ಕೇಳಿದ್ದು ಕಟ್ಟಕಡೆಗೆ. ಮೊದಲೇ ಕೇಳಿದ್ದರೆ ಒಬ್ಬ ಹುಡುಗ ಶಾಲೆ ಬಿಡಬೇಕಾಗಿರಲಿಲ್ಲ.

ಗಾಜಿನ ಬಾಗಿಲಿನ ಹಿಂದೆ

ಆ ಶಾಲೆಯಲ್ಲಿ ಭಿತ್ತಿಪತ್ರಿಕೆ ಇತ್ತು. ಆಫೀಸ್ ರೂಮಿನ ಪಕ್ಕದ ಗೋಡೆಗೆ ಗಾಜಿನ ಬಾಗಿಲಿನ ಒಂದು ಬೋರ್ಡು, ಅದಕ್ಕೊಂದು ಬೀಗ. ಕನ್ನಡ ಶಿಕ್ಷಕರು ಮಕ್ಕಳಿಂದ ಬರೆಸಿ ಹಚ್ಚಿಸುತ್ತಿದ್ದರು. ನುಡಿಮುತ್ತು, ಚುಟುಕ, ದಿನಾಚರಣೆಯ ಚಿತ್ರ, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದವರ ಪಟ್ಟಿ. ಎಲ್ಲ ಶಾಲೆಗಳಲ್ಲೂ ಇರುವಂಥದ್ದೇ.

ಜೂನ್ ಕೊನೆಯಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಅದಕ್ಕೊಂದು ಪುಟ್ಟ ಬರಹ ಕೊಟ್ಟಳು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಶಾಲೆ ಶುರುವಾದಾಗಿನಿಂದ ನೀರಿಲ್ಲ ಎಂಬುದು ಅದರ ವಿಷಯ. ಆ ಶಾಲೆ ಇರುವುದು ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ ದೂರವಲ್ಲದ ಕಡೆ. ಹೊರಗೆ ಜಡಿಮಳೆ, ಒಳಗೆ ಒಣಗಿದ ನಲ್ಲಿ. ಮೋಟಾರು ಸುಟ್ಟುಹೋಗಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಬಂದರೆ ವೋಲ್ಟೇಜ್ ಇರುವುದಿಲ್ಲ. ಹಿಂದೆ ಇದೇ ಮೋಟಾರು ಸುಟ್ಟಾಗ ಮುಖ್ಯೋಪಾಧ್ಯಾಯರು ಕೈಯಿಂದ ದುಡ್ಡು ಹಾಕಿ ಕಾಯಿಲ್ ಕಟ್ಟಿಸಿದ್ದರು. ಆ ಹಣ ಅವರಿಗೆ ವಾಪಸ್ ಬಂದಿರಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಅವರು ಕೆಟ್ಟ ಮನುಷ್ಯರಲ್ಲ. ನಿವೃತ್ತಿ ಹತ್ತಿರದಲ್ಲಿತ್ತು, ಮೇಲಿನಿಂದ ಒಂದು ನೋಟಿಸ್ ಬಂದರೆ ಪೆನ್ಷನ್ನಿಗೆ ತೊಂದರೆ ಎಂಬ ಭಯ ಅವರನ್ನು ಬಿಟ್ಟಿರಲಿಲ್ಲ.

ಬರಹ ಬೋರ್ಡಿನಲ್ಲಿ ಎರಡು ದಿನ ಇತ್ತು. ಮೂರನೇ ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಶಾಲೆ ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು, ಬರಹ ಹೋಯಿತು. ಅದರ ಜಾಗದಲ್ಲಿ ಪರಿಸರ ದಿನದ ಚಿತ್ರ ಕೂತಿತು. ಅವತ್ತಿನಿಂದ ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಗೆ ಹೋಯಿತು. ಇನ್ನು ಮುಂದೆ ಬೋರ್ಡಿಗೆ ಹೋಗುವ ಪ್ರತಿ ಹಾಳೆಗೂ ತಮ್ಮ ಸಹಿ ಬೇಕು ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು. ಬಾಯಿಮಾತಿನಲ್ಲಿ ಹೇಳಿದರು, ಬರೆದು ಹಾಕಲಿಲ್ಲ. ಈ ವಿವರ ಮುಂದೆ ಬೇಕಾಗುತ್ತದೆ.

ಇಂಬಳ

ಜುಲೈ ಮಧ್ಯದಲ್ಲಿ ಮೊದಲ ಸಂಚಿಕೆ ಬಂತು. ಒಂದು ಎ4 ಹಾಳೆ, ಎರಡೂ ಮಗ್ಗುಲು ಕೈಬರಹ, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸಿದ್ದು. ನಾಲ್ಕಾಗಿ ಮಡಿಸಿದರೆ ಅಂಗಿ ಜೇಬಿಗೆ ಹಿಡಿಯುತ್ತದೆ. ತಲೆಯ ಮೇಲೆ ಇಂಬಳದ ಚಿತ್ರ, ಅದರ ಬಾಯಿಯ ಕಡೆ ಪೆನ್ನಿನ ನಿಬ್ಬು. ಹೆಸರಿನ ಕೆಳಗೆ ಒಂದು ಸಾಲು: ‘ಬೆಲೆ – ಓದಿ ಇನ್ನೊಬ್ಬರಿಗೆ ಕೊಡುವುದು.’ ಅಕ್ಷರಗಳು ಸೊಟ್ಟಸೊಟ್ಟ. ಬರೆದವಳು ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದಿದ್ದಳು.

ಹಂಚುವ ಕೆಲಸ ಎಂಟನೇ ತರಗತಿಯ ಒಬ್ಬಳದು. ಬಿಸಿಯೂಟದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ತರಗತಿಗಳು ಖಾಲಿ ಇರುತ್ತವೆ. ಆಗ ಡೆಸ್ಕಿನ ಕೆಳಗೆ, ಕೊಡೆಗಳ ಮಡಿಕೆಯಲ್ಲಿ ತುರುಕಿ ಬರುತ್ತಿದ್ದಳು. ಸಂಜೆ ಖಾಸಗಿ ಬಸ್ಸಿನಲ್ಲಿ ಮಕ್ಕಳು ಅದನ್ನು ಗಟ್ಟಿಯಾಗಿ ಓದಿಕೊಂಡೇ ಹೋದರು. ಶಿಕ್ಷಕರಿಗೆ ಗೊತ್ತಾಗುವ ಮೊದಲು ಊರಿಗೆ ಗೊತ್ತಾಗಿತ್ತು.

ಮೊದಲ ಸಂಚಿಕೆಯ ಮೊದಲ ಬರಹದ ನಾಲ್ಕು ಸಾಲು ಇಲ್ಲಿ ಕೊಡುತ್ತೇನೆ. ‘ಹೊರಗೆ ಮಳೆ ಬಿಟ್ಟಿಲ್ಲ. ಒಳಗೆ ನಲ್ಲಿಯಲ್ಲಿ ಹನಿ ನೀರಿಲ್ಲ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಬೆಳಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಇರುವವರು ನಮ್ಮ ತರಗತಿಯಲ್ಲಿ ಹನ್ನೊಂದು ಜನ. ಒಬ್ಬೊಬ್ಬರನ್ನೇ ಕೇಳಿ ಲೆಕ್ಕ ಹಾಕಿದ್ದೇವೆ.’

ಕೊನೆಯ ವಾಕ್ಯ ನೋಡಿ. ಬೋರ್ಡಿಗೆ ಕೊಟ್ಟಿದ್ದ ಬರಹದಲ್ಲಿ ಅದು ಇರಲಿಲ್ಲ. ಅಲ್ಲಿ ‘ನೀರಿಲ್ಲದೆ ತೊಂದರೆಯಾಗುತ್ತಿದೆ’ ಎಂದಷ್ಟೇ ಇತ್ತು. ತಡೆ ಬಿದ್ದ ಮೇಲೆ ಆ ಹುಡುಗಿ ಮನವಿಯ ಧಾಟಿ ಬಿಟ್ಟು ಪುರಾವೆ ಹುಡುಕಿದ್ದಾಳೆ, ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿದ್ದಾಳೆ. ಪ್ರಬಂಧಕ್ಕೆ ಅಂಕ ಕೊಟ್ಟೇ ವೃತ್ತಿ ಕಳೆದವನಾಗಿ ಹೇಳುತ್ತೇನೆ, ಇಂಥ ವಾಕ್ಯವನ್ನು ನಾವು ಮಕ್ಕಳಿಗೆ ಕಲಿಸುವುದೇ ಇಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಕಲಿಸುತ್ತೇವೆ. ಕೇಳಿ ಲೆಕ್ಕ ಹಾಕುವುದನ್ನು ಕಲಿಸುವುದಿಲ್ಲ.

ಅದೇ ಸಂಚಿಕೆಯಲ್ಲಿ ಇನ್ನೆರಡು ವಿಷಯ ಇದ್ದವು. ಹತ್ತನೆಯವರ ವಿಶೇಷ ತರಗತಿ ಐದಕ್ಕೆ ಮುಗಿಯುತ್ತದೆ, ಕೊನೆಯ ಬಸ್ಸು ನಾಲ್ಕು ಮುಕ್ಕಾಲಿಗೇ ಹೋಗುತ್ತದೆ, ಕಾಡುದಾರಿಯಲ್ಲಿ ನಡೆಯುವ ಹೆಣ್ಣುಮಕ್ಕಳಿಗೆ ಏನು ವ್ಯವಸ್ಥೆ ಎಂಬುದು ಒಂದು. ಒಬ್ಬ ಶಿಕ್ಷಕರು ಲಕ್ಕಿ ಬರಲು (ಲಕ್ಕಿ ಗಿಡದ ಕೋಲು) ತರಿಸಿ ಹೊಡೆಯುತ್ತಾರೆ ಎಂಬುದು ಇನ್ನೊಂದು. ಎರಡನೇ ಸಂಚಿಕೆ ಆಗಸ್ಟ್ 15 ಆದ ಮೇಲೆ ಬಂತು. ಆ ವರ್ಷ ಸ್ವಾತಂತ್ರ್ಯ ದಿನಕ್ಕೆ ಇದೇ ಮಕ್ಕಳು ಈಸೂರಿನ ಕಿರುನಾಟಕ ಆಡಿದ್ದರು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡಾಗ ಬಾಲಕ ಜಯಣ್ಣನನ್ನು ಅಮಲ್ದಾರನನ್ನಾಗಿ (ತಾಲ್ಲೂಕಿನ ಅಧಿಕಾರಿ), ಮಲ್ಲಪ್ಪನೆಂಬ ಇನ್ನೊಬ್ಬ ಹುಡುಗನನ್ನು ಪೊಲೀಸ್ ಅಧಿಕಾರಿಯನ್ನಾಗಿ ಮಾಡಿತ್ತು. 1943ರ ಮಾರ್ಚಿನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೆ ಇದು ಪಾಠ ಓದದೆಯೂ ಗೊತ್ತಿರುವ ಕಥೆ. ಎರಡನೇ ಸಂಚಿಕೆಯಲ್ಲಿ ಸಂಪಾದಕಿ, ಅಂದರೆ ನೀರಿನ ಬರಹ ಬರೆದ ಅದೇ ಹುಡುಗಿ, ಬರೆದಿದ್ದಳು: ‘ಹುಡುಗ ಅಮಲ್ದಾರನಾದ ಜಿಲ್ಲೆಯಲ್ಲಿ ಹುಡುಗಿಯರು ನೀರು ಕೇಳಬಾರದಾ?’

ಎರಡನೇ ಸಂಚಿಕೆಯ ಮುಖ್ಯ ಬರಹ ಹಣದ್ದು. ಕಿರುಪರೀಕ್ಷೆಗಳ ಪ್ರಶ್ನೆಪತ್ರಿಕೆಗೆಂದು ಮಕ್ಕಳಿಂದ ದುಡ್ಡು ತಗೊಂಡಿದ್ದಾರೆ, ರಸೀದಿ ಕೊಟ್ಟಿಲ್ಲ ಎಂದು. ರಸೀದಿ ಕೊಡದಿದ್ದುದು ನಿಜ. ಆದರೆ ಬರೆದ ಮೊತ್ತ ತಪ್ಪು, ಇದ್ದುದಕ್ಕಿಂತ ದುಪ್ಪಟ್ಟು. ಬಸ್ಸಿನಲ್ಲಿ ಯಾರೋ ಹೇಳಿದ್ದನ್ನು ಹಾಗೇ ಹಾಕಿದ್ದರು. ಮೊದಲ ಸಂಚಿಕೆಯಲ್ಲಿ ಕೇಳಿ ಲೆಕ್ಕ ಹಾಕಿದವರು ಎರಡನೆಯದರಲ್ಲಿ ಅವಸರಕ್ಕೆ ಬಿದ್ದಿದ್ದರು.

ಮೂರನೆಯದರಲ್ಲಿ ದಾರಿಯೇ ತಪ್ಪಿತು. ಒಬ್ಬ ಶಿಕ್ಷಕಿ ಮತ್ತು ಒಬ್ಬ ಶಿಕ್ಷಕರ ಹೆಸರಿನ ಮೊದಲ ಅಕ್ಷರ ಇಟ್ಟು ನಾಲ್ಕು ಸಾಲಿನ ಚುಟುಕ. ಪ್ರಾಸ ಚೆನ್ನಾಗಿತ್ತು, ಆದ್ದರಿಂದಲೇ ಬೇಗ ಹಬ್ಬಿತು. ಒಂದೇ ವಾರದಲ್ಲಿ ಶಿಕ್ಷಕಿಯ ಅತ್ತೆ ಮನೆ ತಲುಪಿತು. ಆಕೆ ರಜೆ ಹಾಕಿದರು.

ಹುಡುಕಾಟ

ಮೊದಲ ಎರಡು ಸಂಚಿಕೆಗೆ ಮುಖ್ಯೋಪಾಧ್ಯಾಯರು ಗದರಿ ಸುಮ್ಮನಾಗಿದ್ದರು. ಚುಟುಕ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರ ರಕ್ತ ಕುದಿಯಿತು, ಅದು ಸಹಜವೇ. ಆದರೆ ಆ ಸಿಟ್ಟಿನಲ್ಲಿ ಮೂರೂ ಸಂಚಿಕೆ ಒಂದೇ ಅಪರಾಧವಾಯಿತು. ನೀರಿನ ಬರಹಕ್ಕೂ ಚುಟುಕಕ್ಕೂ ನಡುವೆ ಇದ್ದ ವ್ಯತ್ಯಾಸ ಯಾರಿಗೂ ಬೇಡವಾಯಿತು.

ಒಂಬತ್ತು ಮತ್ತು ಹತ್ತನೇ ತರಗತಿಯವರನ್ನು ಹಾಲ್‌ನಲ್ಲಿ ಕೂರಿಸಿ ಬಿಳಿ ಹಾಳೆ ಕೊಟ್ಟರು. ಇಂಬಳದಿಂದ ಆಯ್ದ ವಾಕ್ಯಗಳನ್ನು ಉಕ್ತಲೇಖನದ ಹಾಗೆ ಹೇಳಿ ಬರೆಸಿದರು. ಮೊದಲು ಬಲಗೈಯಲ್ಲಿ, ಆಮೇಲೆ ಎಡಗೈಯಲ್ಲಿ. ಎರಡು ದಿನ ಪಾಠ ನಡೆಯಲಿಲ್ಲ. ಬ್ಯಾಗು ತಡಕಿದರು, ನೋಟ್ಸ್ ಪುಸ್ತಕ ತಗೊಂಡರು. ಝೆರಾಕ್ಸ್ ಅಂಗಡಿಯವನನ್ನು ಕೇಳಿದರು. ‘ದಿನಕ್ಕೆ ನೂರು ಮಕ್ಕಳು ಬರ್ತಾರೆ ಸಾರ್, ನಾನು ಓದ್ತಾ ಕೂರ್ಲಾ’ ಎಂದನಂತೆ.

ಸಿಕ್ಕಿಬಿದ್ದವನು ಒಂಬತ್ತನೇ ತರಗತಿಯ ಹುಡುಗ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ, ತಂದೆ ತಾಯಿ ಘಟ್ಟದ ಮೇಲೆ ಕಾಫಿ ತೋಟದಲ್ಲಿ ಕೂಲಿಗೆ ಹೋದವರು. ಮೂರನೇ ಸಂಚಿಕೆಯಲ್ಲಿ ‘ಉಸ್ತುವಾರಿ’ ಎಂಬುದನ್ನು ‘ಉಸ್ಥುವಾರಿ’ ಎಂದು ಬರೆದಿದ್ದರು. ಅವನೂ ಹಾಗೇ ಬರೆದ. ಇಷ್ಟೇ ಸಾಕ್ಷಿ. ಇಂಥ ತಪ್ಪನ್ನು ಪ್ರತಿ ತರಗತಿಯಲ್ಲೂ ಹತ್ತು ಜನ ಮಾಡುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ತಿದ್ದಿ ಕೈ ಸೋತ ಯಾವ ಕನ್ನಡ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಅವನು ‘ನಾನಲ್ಲ ಸಾರ್’ ಎಂದ. ಯಾರು ಎಂದು ಕೇಳಿದಾಗ ‘ಗೊತ್ತಿಲ್ಲ’ ಎಂದ. ಅವನಿಗೆ ಗೊತ್ತಿತ್ತು ಎಂದು ನನ್ನ ಅಂದಾಜು. ಹೇಳಲಿಲ್ಲ. ‘ನಾಳೆ ಅಪ್ಪನ ಕರ್ಕೊಂಡು ಬಾ, ಟಿಸಿ ಕೊಡ್ತೀನಿ’ ಎಂದರು ಮುಖ್ಯೋಪಾಧ್ಯಾಯರು. ವಾರ್ಡನ್‌ಗೆ ಫೋನು ಹೋಯಿತು. ಹಾಸ್ಟೆಲಿನಲ್ಲೂ ಅವತ್ತು ರಾತ್ರಿ ಅವನನ್ನು ನಿಲ್ಲಿಸಿ ಬೈದರು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನ ಹಾಸ್ಟೆಲಿನಲ್ಲೂ ಇರಲಿಲ್ಲ, ಊರ ಬಸ್ಸು ಹತ್ತಿದ್ದ.

ನಾಲ್ಕನೇ ದಿನ ಸಂಪಾದಕಿ ತಾನಾಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ‘ಅವನಲ್ಲ ಸಾರ್, ನಾನು’ ಎಂದಳು. ಆ ನಾಲ್ಕು ದಿನ ಯಾಕೆ ತಡ ಮಾಡಿದೆ ಎಂದು ನಾನು ಆಮೇಲೆ ಕೇಳಿದ್ದಕ್ಕೆ, ‘ಅಪ್ಪ ಹೊಡೀತಾರೆ ಅಂತ ಹೆದರಿದ್ದೆ’ ಎಂದಳು. ನಿಜವೇ ಇರಬೇಕು. ಆದರೆ ಅವಳಿಗೆ ಆದದ್ದೇನು? ಅವಳ ತಂದೆ ಅಡಿಕೆ ತೋಟ ಇರುವವರು, ಪಂಚಾಯ್ತಿ ಸದಸ್ಯರಾಗಿದ್ದವರು. ಅವರನ್ನು ಕರೆಸಿ, ಕುರ್ಚಿ ಹಾಕಿ, ಕಾಫಿ ಕೊಟ್ಟು, ‘ನಿಮ್ಮ ಮಗಳು ಜಾಣೆ, ಸ್ವಲ್ಪ ಬುದ್ಧಿ ಹೇಳಿ’ ಎಂದರು. ಬರೆಯದ ಹುಡುಗನಿಗೆ ಟಿಸಿ, ಬರೆದ ಹುಡುಗಿಗೆ ಬುದ್ಧಿಮಾತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ನೋವಾದ ಸಂಗತಿ ಇದೇ. ಮಾತಾಡುವ ಹಕ್ಕು ಎಲ್ಲರಿಗೂ ಒಂದೇ ಎಂದು ಪೌರನೀತಿ ಪಾಠದಲ್ಲಿ ಓದಿಸುತ್ತೇವೆ. ಮಾತಾಡಿದ್ದಕ್ಕೆ ತೆರುವ ಬೆಲೆ ಮನೆಯ ತೋಟ ಎಷ್ಟು ಎಕರೆ ಎಂಬುದರ ಮೇಲೆ ನಿಂತಿರುವಾಗ ಆ ಹಕ್ಕು ಸಮಾನವಲ್ಲ. ಗುಟ್ಟಿನ ಪತ್ರಿಕೆ ಯಾಕೆ ಗುಟ್ಟಾಗಿರುತ್ತದೆ ಎಂದು ಕೇಳುವವರು ಇದನ್ನು ಗಮನಿಸಬೇಕು. ಹೆಸರು ಹಾಕುವ ಧೈರ್ಯ ಇಲ್ಲದವರು ಬರೆಯಬಾರದು ಎಂದು ಒಬ್ಬ ಶಿಕ್ಷಕರು ಸಭೆಯಲ್ಲಿ ಹೇಳಿದರು. ಆ ಧೈರ್ಯದ ಹಿಂದೆ ಆಸ್ತಿಯೂ ಇರುತ್ತದೆ.

ಸಭೆಯಲ್ಲಿ

ಸಭೆ ಕರೆದದ್ದು ಸಂಪಾದಕಿಯ ಮತ್ತು ಪತ್ರಿಕೆ ತಂದ ಉಳಿದ ನಾಲ್ವರು ಮಕ್ಕಳ ಮೇಲೆ ಏನು ಕ್ರಮ ಎಂದು ತೀರ್ಮಾನಿಸಲು. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಪ್ರವೇಶಪತ್ರ ತಡೆಯಬೇಕು, ಉಳಿದವರಿಗೆ ಟಿಸಿ ಕೊಡಬೇಕು ಎಂದು ಇಬ್ಬರು ಶಿಕ್ಷಕರು ಪಟ್ಟು ಹಿಡಿದರು. ಪೊಲೀಸರಿಗೆ ಹೇಳಬೇಕು ಎಂದೂ ಒಬ್ಬರು ಅಂದರು. ಆಗ ಚಿತ್ರ ಬರೆದ ಹುಡುಗನ ತಾಯಿ ಎದ್ದು ನಿಂತರು. ಹೆಚ್ಚು ಓದಿದವರಲ್ಲ, ಗದ್ದೆ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರು. ‘ಅದೆಲ್ಲ ಇರ್ಲಿ ಮೇಷ್ಟ್ರೆ. ಆ ಹಾಳೆಯಾಗೆ ಬರ್ದಿದ್ರಲ್ಲಿ ಸುಳ್ಳು ಯಾವ್ದು ಅಂತ ಒಂದ್ಸಲ ಹೇಳಿ. ನಮ್ ಹುಡ್ಗಂಗೆ ಅದ್ಕೆ ಹೊಡೀತೀನಿ.’

ನಾನು ಅಷ್ಟು ಹೊತ್ತು ಯೋಚಿಸುತ್ತಿದ್ದ ಮಾತನ್ನು ಆಕೆ ಒಂದೇ ಉಸಿರಿಗೆ ಆಡಿದ್ದರು. ಮೂರೂ ಹಾಳೆ ಮೇಜಿನ ಮೇಲೆ ಇಟ್ಟು ಒಂದೊಂದೇ ಬರಹ ಗಟ್ಟಿಯಾಗಿ ಓದೋಣ ಎಂದೆ. ಓದಿದೆವು. ನೀರು: ನಿಜ. ಬಸ್ಸು: ನಿಜ. ಹೊಡೆತ: ನಿಜ, ಆ ಶಿಕ್ಷಕರು ಅಲ್ಲೇ ಕೂತಿದ್ದರು, ಅಲ್ಲ ಎನ್ನಲಿಲ್ಲ. ರಸೀದಿ: ನಿಜ. ಮೊತ್ತ: ತಪ್ಪು. ಚುಟುಕವನ್ನು ನಾನು ಓದಲಿಲ್ಲ, ಓದಬಾರದು ಎಂದೆ. ಆ ಶಿಕ್ಷಕಿ ಇಲ್ಲದ ಸಭೆಯಲ್ಲಿ ಅದನ್ನು ಇನ್ನೊಮ್ಮೆ ಕೇಳಿಸುವ ಹಕ್ಕು ನಮಗೆ ಯಾರಿಗೂ ಇರಲಿಲ್ಲ.

ಓದಿ ಮುಗಿಯುವ ಹೊತ್ತಿಗೆ ಸಭೆಯ ಹದ ಬದಲಾಗಿತ್ತು. ಆಮೇಲೆ ಕಾನೂನಿನ ಮಾತು ಎತ್ತಿದೆ.

ಸಂವಿಧಾನದ 19(1)(ಎ) ವಿಧಿ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವುದು ಎಲ್ಲ ನಾಗರಿಕರಿಗೆ. ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಮಿತಿ ಹಾಕಬೇಕಾದರೆ 19(2)ರಲ್ಲಿ ಹೇಳಿದ ಕಾರಣಗಳಿಗೆ ಮಾತ್ರ, ಅದೂ ಕಾನೂನಿನ ಮೂಲಕ ಹಾಕಬೇಕು. ಶಾಲೆಯ ವಿಷಯದಲ್ಲಿ ಇದು ಗಟ್ಟಿಯಾಗಿ ತೀರ್ಮಾನವಾದದ್ದು ಕೇರಳದ ಪ್ರಕರಣದಲ್ಲಿ. 1985ರ ಜುಲೈನಲ್ಲಿ ಅಲ್ಲಿನ ಒಂದು ಶಾಲೆ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಗೆ ಅವರು ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಬಿಜೋಯ್ ಇಮ್ಯಾನುಯೆಲ್ ಪ್ರಕರಣ ಎಂದೇ ಅದು ಪ್ರಸಿದ್ಧ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಇಲಾಖೆಯ ಸುತ್ತೋಲೆಗೆ ಶಾಸನದ ಬಲ ಇಲ್ಲ, ಸುತ್ತೋಲೆಯನ್ನು ನೆಚ್ಚಿ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲಾಗದು ಎಂಬುದು ಆ ತೀರ್ಪಿನ ತಿರುಳುಗಳಲ್ಲೊಂದು. ಇಲಾಖೆಯ ಲಿಖಿತ ಸುತ್ತೋಲೆಗೇ ಆ ಬಲ ಇಲ್ಲದಿದ್ದರೆ, ಪ್ರಾರ್ಥನೆಯ ಹೊತ್ತಿನ ಬಾಯಿಮಾತಿಗೆ ಎಲ್ಲಿಂದ ಬರುತ್ತದೆ?

‘ಟಿಸಿ ಕೊಡುವುದಾದರೆ ಕೊಡಿ. ಯಾವ ನಿಯಮದ ಕೆಳಗೆ, ಯಾವ ತಪ್ಪಿಗೆ ಎಂದು ಬರೆದು, ಸಹಿ ಮಾಡಿ ಕೊಡಿ’ ಎಂದೆ. ಯಾರೂ ಪೆನ್ನು ತೆಗೆಯಲಿಲ್ಲ. ಇಂಥ ಸ್ಥಿತಿಗೆ ಸಿಕ್ಕ ಪೋಷಕರಿಗೆಲ್ಲ ನಾನು ಕೊಡುವ ಸಲಹೆ ಇದೇ, ಜಗಳ ಬೇಡ, ಲಿಖಿತ ಆದೇಶ ಕೇಳಿ. ಹೆದರಿಕೆಯೆಲ್ಲ ಬಾಯಿಮಾತಿನಲ್ಲೇ ಇರುತ್ತದೆ.

ಎಂಟನೇ ತರಗತಿಯ ಹುಡುಗಿಯ ವಿಷಯ ಇನ್ನೂ ಸರಳ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಪ್ರಕರಣದ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಪ್ರಕರಣ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೇ ಪ್ರಕರಣ ಪಠ್ಯಕ್ರಮ ಹೇಗಿರಬೇಕು ಎಂದು ಹೇಳುವಾಗ, ಮಗುವಿಗೆ ಭಯ ಹೋಗಬೇಕು, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಒಂಬತ್ತು, ಹತ್ತನೆಯವರಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ, ಅದೊಂದು ದೊಡ್ಡ ಕೊರತೆ. ಅವರಿಗೆ ಸಂವಿಧಾನವೇ ಆಸರೆ. ಜೊತೆಗೆ ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದೆ. ಅದರ 13ನೇ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯದ್ದು, ಬರಹ, ಮುದ್ರಣ ಎರಡೂ ಅದರಲ್ಲಿ ಬರುತ್ತವೆ. ಅದೇ ವಿಧಿ ಇನ್ನೊಬ್ಬರ ಮಾನಕ್ಕೆ ರಕ್ಷಣೆ ಕೊಡುವ ಮಿತಿಯನ್ನೂ ಹೇಳುತ್ತದೆ.

ಅಮೆರಿಕದ ಎರಡು ತೀರ್ಪುಗಳು ನನಗೆ ಈ ಪ್ರಕರಣವನ್ನು ಅಳೆಯಲು ನೆರವಾದವು. ಅವು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅಲ್ಲಿ ಶಾಲಾ ಮಕ್ಕಳ ಪತ್ರಿಕೆಗಳ ಬಗ್ಗೆ ವ್ಯಾಜ್ಯ ನಡೆದಷ್ಟು ಇಲ್ಲಿ ನಡೆದಿಲ್ಲ. ಡೆ ಮೊಯಿನ್ ಎಂಬ ಊರಿನಲ್ಲಿ 1965ರ ಡಿಸೆಂಬರಿನಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು, ಶಾಲೆ ಅಮಾನತು ಮಾಡಿತು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಆಗ ಹದಿಮೂರು ವರ್ಷ. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ ಮಕ್ಕಳ ಪರ ನಿಂತಿತು. ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾದರೆ, ಅಥವಾ ಆಗುತ್ತದೆಂದು ನಂಬಲು ಆಧಾರವಿದ್ದರೆ, ಇಲ್ಲವೇ ಇನ್ನೊಬ್ಬರ ಹಕ್ಕಿಗೆ ಧಕ್ಕೆಯಾದರೆ ಮಾತ್ರ ತಡೆಯಬಹುದು ಎಂಬುದು ಅಲ್ಲಿಂದ ಬಂದ ಅಳತೆ. ಈ ಅಳತೆಯನ್ನು ನಮ್ಮ ಶಾಲೆಗೆ ಹಿಡಿದು ನೋಡಿ. ಇಂಬಳ ಹಂಚಿದ ದಿನಗಳಲ್ಲಿ ಒಂದು ಪಿರಿಯಡ್ ಕೂಡ ನಿಂತಿರಲಿಲ್ಲ. ಪಾಠ ನಿಂತದ್ದು ಕೈಬರಹ ಪರೀಕ್ಷೆಯ ಎರಡು ದಿನ. ಅಡ್ಡಿ ಮಾಡಿದ್ದು ಹುಡುಕಾಟ.

ಇನ್ನೊಂದು ಹೇಜಲ್‌ವುಡ್ ತೀರ್ಪು. ಮಿಸೌರಿ ರಾಜ್ಯದ ಒಂದು ಪ್ರೌಢಶಾಲೆಯ ಪ್ರಿನ್ಸಿಪಾಲರು 1983ರಲ್ಲಿ ಶಾಲಾ ಪತ್ರಿಕೆಯಿಂದ ಎರಡು ಪುಟ ಕಿತ್ತುಹಾಕಿದರು. ಹದಿಹರೆಯದ ಬಸಿರು ಮತ್ತು ತಂದೆತಾಯಿಯರ ವಿಚ್ಛೇದನದ ಬಗ್ಗೆ ಅವುಗಳಲ್ಲಿ ಬರಹಗಳಿದ್ದವು. 1988ರಲ್ಲಿ ಕೋರ್ಟ್ 5–3ರಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಶಾಲೆಯೇ ನಡೆಸುವ ಪತ್ರಿಕೆಯಲ್ಲಿ ಶಿಕ್ಷಣದ ಉದ್ದೇಶಕ್ಕೆ ಸಂಬಂಧಿಸಿದ ಕಾರಣವಿದ್ದರೆ ಶಾಲೆ ಕೈಯಾಡಿಸಬಹುದು ಎಂದಿತು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೂ ಅದು ಮಾಡುವ ವ್ಯತ್ಯಾಸ ಇಲ್ಲಿಗೆ ಹೊಂದುತ್ತದೆ. ಗಾಜಿನ ಬೋರ್ಡು ಶಾಲೆಯದು, ಅದರ ಮೇಲೆ ಮುಖ್ಯೋಪಾಧ್ಯಾಯರಿಗೆ ಒಂದಷ್ಟು ಹಿಡಿತ ಇದೆ ಎನ್ನೋಣ. ಇಂಬಳದ ಹಾಳೆ, ಝೆರಾಕ್ಸ್ ದುಡ್ಡು, ಶಾಯಿ ಎಲ್ಲ ಮಕ್ಕಳದು. ಶಾಲೆ ಗಾಜಿನ ಬೋರ್ಡಿನಲ್ಲಿ ನೀರಿನ ಬರಹಕ್ಕೆ ಜಾಗ ಬಿಟ್ಟಿದ್ದರೆ ಇಂಬಳ ಹುಟ್ಟುತ್ತಲೇ ಇರಲಿಲ್ಲ.

ಶಿಕ್ಷಕಿ ಕೇಳಿದ್ದು

ಚುಟುಕದ ವಿಷಯ ಬೇರೆ. ಅದನ್ನು ಯಾವ ಹಕ್ಕೂ ಕಾಯುವುದಿಲ್ಲ. 19(2)ರಲ್ಲಿ ಮಾನಹಾನಿ ಎಂಬ ಕಾರಣ ಸ್ಪಷ್ಟವಾಗಿಯೇ ಇದೆ. ನೀರಿನ ಬರಹದಲ್ಲಿ ಹೆಸರು ಮುಚ್ಚಿದ್ದು ಬಲವಿಲ್ಲದವರಿಗೆ ರಕ್ಷಣೆಯಾಗಿತ್ತು. ಚುಟುಕದಲ್ಲಿ ಅದೇ ಮರೆಯಿಂದ, ಉತ್ತರ ಕೊಡಲಾಗದ ಒಬ್ಬ ಹೆಂಗಸಿಗೆ ಕಲ್ಲು ಬಿತ್ತು. ಎಲ್ಲರೆದುರು ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿಸಬೇಕು ಎಂದು ಮುಖ್ಯೋಪಾಧ್ಯಾಯರು ಅಂದಾಗ, ಆ ಶಿಕ್ಷಕಿಯನ್ನೇ ಕೇಳದೆ ತೀರ್ಮಾನ ಬೇಡ ಎಂದೆ.

ಆಕೆ ರಜೆ ಮುಗಿಸಿ ಬಂದರು. ಸಾರ್ವಜನಿಕ ಕ್ಷಮೆ ಬೇಡ, ಮತ್ತೊಮ್ಮೆ ಎಲ್ಲರೂ ನನ್ನ ಮುಖ ನೋಡುವುದು ಬೇಡ ಎಂದರು. ಐದು ಮಕ್ಕಳನ್ನು ಲೈಬ್ರರಿ ಕೋಣೆಯಲ್ಲಿ ಕೂರಿಸಿಕೊಂಡರು. ಕನ್ನಡ ಶಿಕ್ಷಕರೂ ನಾನೂ ಬಾಗಿಲ ಹತ್ತಿರ ಇದ್ದೆವು. ಆಕೆ ಬೈಯಲಿಲ್ಲ.

‘ಇದನ್ನ ನಿಮ್ಮಲ್ಲಿ ಯಾರು ನೋಡಿದ್ದು?’

‘ಯಾರೂ ನೋಡಿಲ್ಲ ಮಿಸ್.’

‘ಮತ್ತೆ ಯಾರು ಹೇಳಿದ್ದು?’

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ‘ಎಲ್ಲಾ ಹೇಳ್ತಿದ್ರು ಮಿಸ್’ ಎಂದ.

‘ನೀರಿನ ಬಗ್ಗೆ ಬರೆಯುವಾಗ ಹನ್ನೊಂದು ಜನರನ್ನ ಒಬ್ಬೊಬ್ಬರಾಗಿ ಕೇಳಿದ್ರಿ. ನನ್ನ ಬಗ್ಗೆ ಬರೆಯುವಾಗ ನನ್ನನ್ನ ಒಬ್ಬಳನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?’

ಸಂಪಾದಕಿ ಅತ್ತಳು. ಚುಟುಕ ಬರೆದದ್ದು ಅವಳಲ್ಲ, ಆದರೆ ಹಾಕಿದ್ದು ಅವಳು. ಶಿಕ್ಷಕಿ ಅವಳ ಅಳು ನಿಲ್ಲುವವರೆಗೆ ಕಾದು, ತಿದ್ದುಪಡಿ ಬರೆದು ಮುಂದಿನ ಹಾಳೆಯಲ್ಲಿ ಹಾಕಬೇಕು ಎಂದರು: ತನ್ನ ಹೆಸರಾಗಲೀ ಅಕ್ಷರವಾಗಲೀ ಇರಬಾರದು, ಕಳೆದ ಸಂಚಿಕೆಯ ಚುಟುಕಕ್ಕೆ ಯಾವ ಆಧಾರವೂ ಇರಲಿಲ್ಲ, ಹಾಕಿದ್ದು ತಪ್ಪು ಎಂದಷ್ಟೇ ಇರಬೇಕು. ಮುಂದಿನ ಹಾಳೆ ಬರುತ್ತದೆ, ಬರಬಹುದು ಎಂದು ಆ ಶಾಲೆಯಲ್ಲಿ ಮೊದಲು ಒಪ್ಪಿಕೊಂಡವರು ಅದರಿಂದ ಗಾಯಗೊಂಡ ಆಕೆಯೇ. ಆ ಮನಸ್ಸು ಎಷ್ಟು ದೊಡ್ಡದು ಎಂದು ಇಂದಿಗೂ ಅನ್ನಿಸುತ್ತದೆ.

ಆಮೇಲೆ

ಮೋಟಾರು ರಿಪೇರಿ ಆದದ್ದು ನವೆಂಬರಿನಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಇದೇ ವಿಷಯ ಎತ್ತಿದ ಮೇಲೆ. ಅಲ್ಲಿಯವರೆಗೆ ಶಾಲೆಯ ಹಂಚಿನ ಮಾಡಿನ ದೋಣಿಗೆ ಪೈಪು ಹಾಕಿ ಮಳೆನೀರನ್ನು ಡ್ರಮ್ಮಿಗೆ ಇಳಿಸಿದರು. ಇದಕ್ಕೆ ಅನುದಾನ ಬೇಕಾಗಿರಲಿಲ್ಲ. ಒಬ್ಬ ಪೋಷಕರು ಅರ್ಧ ದಿನ ಬಂದು ಮಾಡಿಕೊಟ್ಟರು. ವಿಶೇಷ ತರಗತಿಯನ್ನು ಬೆಳಗ್ಗೆಗೆ ಹಾಕಿದರು. ಪ್ರಶ್ನೆಪತ್ರಿಕೆಯ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ಲಕ್ಕಿ ಬರಲು ಕೆಲವು ತಿಂಗಳು ಕಾಣಲಿಲ್ಲ, ಪೂರ್ತಿ ಹೋಗಿದೆ ಎಂದು ಹೇಳಲಾರೆ.

ಗಾಜಿನ ಬೋರ್ಡಿಗೆ ಹೊಸ ಕ್ರಮ ಬಂತು, ಈ ಸಲ ಬರವಣಿಗೆಯಲ್ಲಿ. ಬೀಗದ ಕೈ ಮೂವರು ಮಕ್ಕಳ ಸಂಪಾದಕ ಮಂಡಳಿಯ ಹತ್ತಿರ. ಮುಖ್ಯೋಪಾಧ್ಯಾಯರಿಗೆ ಆಕ್ಷೇಪ ಇದ್ದರೆ ಎರಡು ದಿನದೊಳಗೆ ಕಾರಣ ಬರೆದು ಕೊಡಬೇಕು, ಆ ಕಾರಣವನ್ನೂ ಬರಹದ ಪಕ್ಕದಲ್ಲೇ ಹಚ್ಚಬೇಕು. ಒಬ್ಬ ವ್ಯಕ್ತಿಯ ಖಾಸಗಿ ಬದುಕಿನ ಬಗ್ಗೆ ಬರೆಯುವಂತಿಲ್ಲ. ಯಾರ ಮೇಲಾದರೂ ದೂರು ಇದ್ದರೆ ಅವರ ಉತ್ತರವನ್ನೂ ಕೇಳಿ ಹಾಕಬೇಕು. ಹೆಸರು ಹಾಕಲು ಹೆದರುವವರು ಕನ್ನಡ ಶಿಕ್ಷಕರಿಗೆ ಒಬ್ಬರಿಗೆ ಗುರುತು ಹೇಳಿದರೆ ಸಾಕು, ಅವರು ಅದನ್ನು ಯಾರಿಗೂ ಹೇಳುವಂತಿಲ್ಲ. ಕಡೆಯ ಅಂಶಕ್ಕೆ ಹೆಚ್ಚು ವಿರೋಧ ಬಂತು. ನಾನು ಅದನ್ನು ಬಿಡಲಿಲ್ಲ, ಹಾಸ್ಟೆಲ್ ಹುಡುಗ ಕಣ್ಣ ಮುಂದೆ ಇದ್ದ.

ಇಂಬಳವೂ ನಿಲ್ಲಲಿಲ್ಲ. ಜನವರಿಯಲ್ಲಿ ನಾಲ್ಕನೇ ಸಂಚಿಕೆ ಬಂತು, ಮೊದಲ ಪುಟದಲ್ಲೇ ತಿದ್ದುಪಡಿ ಇತ್ತು. ಬೋರ್ಡು ತೆರೆದ ಮೇಲೂ ಇದು ಯಾಕೆ ಎಂದು ಕೆಲವು ಶಿಕ್ಷಕರಿಗೆ ಬೇಸರವಾಯಿತು. ನನಗೆ ಆಗಲಿಲ್ಲ. ಶಾಲೆ ಕೊಟ್ಟ ಜಾಗದಲ್ಲಿ ಮಾತ್ರ ಮಾತಾಡಬೇಕು ಎನ್ನುವುದಾದರೆ ಅದು ಅನುಮತಿ, ಹಕ್ಕಲ್ಲ. ಮುಖ್ಯೋಪಾಧ್ಯಾಯರು ಆ ಹಾಳೆಯನ್ನು ಸ್ಟಾಫ್ ರೂಮಿಗೆ ತಂದು ಮೇಜಿನ ಮೇಲೆ ಇಟ್ಟರು. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಪಾಠವೇ ಆಗದ ಅಧ್ಯಾಯದಿಂದ ಪ್ರಶ್ನೆ ಬಂದಿದೆ ಎಂದು ಅದರಲ್ಲಿತ್ತು. ‘ಹೌದಾ?’ ಎಂದು ಗಣಿತದವರನ್ನು ಕೇಳಿದರು. ಹೌದು ಎಂದರು. ಬರೆದವರು ಯಾರು ಎಂದು ಅವತ್ತು ಯಾರೂ ಕೇಳಲಿಲ್ಲ.

ಹಾಸ್ಟೆಲ್ ಹುಡುಗ ವಾಪಸ್ ಬರಲಿಲ್ಲ. ಕನ್ನಡ ಶಿಕ್ಷಕರು ಅವನ ಸೋದರಮಾವನ ಮನೆಯವರೆಗೆ ಹೋಗಿ ಕರೆದರು. ‘ಅಲ್ಲಿ ಎಲ್ರೂ ನನ್ನೇ ನೋಡ್ತಾರೆ ಸಾರ್’ ಎಂದನಂತೆ. ತಂದೆ ಬಂದು ಟಿಸಿ ಕೇಳಿ ಪಡೆದುಕೊಂಡರು, ಅವನು ಬೇರೆ ತಾಲ್ಲೂಕಿನ ಶಾಲೆಗೆ ಸೇರಿದ. ದಾಖಲೆಯ ಪ್ರಕಾರ ಅದು ‘ಪೋಷಕರ ಕೋರಿಕೆಯ ಮೇರೆಗೆ’ ಕೊಟ್ಟ ಟಿಸಿ. ಸಮಿತಿಯ ನಡಾವಳಿ ಪುಸ್ತಕದಲ್ಲಿ ನೀರು, ಬಸ್ಸು, ಬೋರ್ಡಿನ ಹೊಸ ಕ್ರಮ ಎಲ್ಲ ದಾಖಲಾಗಿದೆ, ಅವನ ಬಗ್ಗೆ ಒಂದು ಸಾಲೂ ಇಲ್ಲ. ಆ ಹುಡುಗನ ಮೇಲೆ ಹೊರಿಸಿದ ಆರೋಪ ಸುಳ್ಳಾಗಿತ್ತು ಎಂದು ನಡಾವಳಿಯಲ್ಲಿ ಬರೆದು, ಅದರ ಪ್ರತಿಯನ್ನು ಅವನ ತಂದೆಗೂ ಅವನು ಈಗಿರುವ ಶಾಲೆಗೂ ಕಳಿಸಬೇಕು ಎಂದು ಸಮಿತಿಗೆ ಅರ್ಜಿ ಕೊಟ್ಟಿದ್ದೇನೆ. ಅದರ ಕೆಳಗೆ ಐವರು ಮಕ್ಕಳೂ ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದಾರೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರಬೇಕು.